ಮೆಷಿನ್ ಓಡ್ತಾನೇ ಇದೆ, ಮಾಲು ಮಾತ್ರ ಟೈಮಿಗೆ ಹೋಗ್ತಿಲ್ಲ: ಪೀಣ್ಯದ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ಆರು ಸಿಎನ್‌ಸಿ ಲೇತ್ (ಕಂಪ್ಯೂಟರ್‌ನಿಂದ ಓಡೋ ಕಡೆಯೋ ಮೆಷಿನ್), ಎರಡು ವಿಎಂಸಿ (ಕಂಪ್ಯೂಟರ್ ಮಿಲ್ಲಿಂಗ್ ಮೆಷಿನ್), ಎರಡು ಶಿಫ್ಟ್, ಒಟ್ಟು 26 ಜನ. ಮುಖ್ಯವಾಗಿ ಗೇರ್‌ಬಾಕ್ಸ್ ಶಾಫ್ಟ್ ಮಾಡ್ತೀವಿ, ತಿಂಗಳಿಗೆ ಸುಮಾರು 6,000, ಸ್ವಲ್ಪ ಹೊಸೂರಿಗೆ ಹೋಗತ್ತೆ, ಸ್ವಲ್ಪ ಪುಣೆ ಹತ್ರ ಚಾಕಣ್‌ಗೆ. ಜೊತೆಗೆ ಏಳೆಂಟು ಚಿಕ್ಕ ಪಾರ್ಟ್ ಇವೆ. ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್ ಎರಡೂ ಜಾಬ್ ವರ್ಕ್, ಅಂದ್ರೆ ಮಾಲು ಕಳಿಸಿ ಹೊರಗಡೆ ಮಾಡಿಸ್ತೀವಿ. ಆರ್ಡರ್‌ಗೇನೂ ಕೊರತೆ ಇಲ್ಲ, ಆದ್ರೆ ಡೆಲಿವರಿ ಯಾವಾಗ್ಲೂ ಲೇಟ್. ಕಳೆದ ತಿಂಗಳು ಸ್ಪೆಷಲ್ ಗಾಡಿ ಹನ್ನೊಂದು ಸಲ ಕಳಿಸಿದೀವಿ, ಹೊಸೂರಿಗೆ ಆರು, ಚಾಕಣ್‌ಗೆ ಐದು, ಅದಕ್ಕೇ 1 ಲಕ್ಷ 80 ಸಾವಿರ ಹೋಯ್ತು. ಶೆಡ್ ತುಂಬಾ ಮಾಲು, ಲೆಕ್ಕ ಹಾಕಿದ್ರೆ 62 ಲಕ್ಷ, ಆದ್ರೂ ಕಸ್ಟಮರ್ ಕೇಳಿದ ಪಾರ್ಟ್ ಆ ದಿನ ಇರಲ್ಲ. ಕಸ್ಟಮರ್ ಕಡೆಯ ಕ್ವಾಲಿಟಿಯವರು ಬಂದಾಗೆಲ್ಲ ಜಸ್ಟ್ ಇನ್ ಟೈಮ್ ಮಾಡಿ, ಬೇಕಾದಾಗ ಬೇಕಾದಷ್ಟೇ ಮಾಡಿ, ಸ್ಟಾಕ್ ಸೊನ್ನೆ ಮಾಡಿ ಅಂತಾರೆ. ನನ್ನ ಅಕ್ಕನ ಮಗ ಏಳೂವರೆ ಲಕ್ಷದ ಇಆರ್‌ಪಿ (ಸ್ಟಾಕ್, ಆರ್ಡರ್, ಲೆಕ್ಕ ಎಲ್ಲ ಒಂದೇ ಕಡೆ ನೋಡೋ ಸಾಫ್ಟ್‌ವೇರ್) ಹಾಕ್ಸು ಮಾವ ಅಂತಾನೆ. ಪಕ್ಕದ ಶೆಡ್‌ನವರು ಇನ್ನೊಂದು ಸಿಎನ್‌ಸಿ ತಗೊಳ್ಳಿ ಅಂತಾರೆ. ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ಲಿಮಿಟ್ ತುದಿ ಮುಟ್ಟಿದೆ. ಯಾವುದು ಮಾಡ್ಲಿ, ಯಾವುದು ಬಿಡ್ಲಿ? ಸ್ವಂತ ಗಾಡಿ ತಗೊಂಡ್ರೆ ಉಳಿತಾಯ ಆಗತ್ತಾ?

ಉತ್ತರ:

ನಿಮ್ಮ ಪತ್ರದಲ್ಲಿ ನಾನು ಎರಡೆರಡು ಸಲ ಓದಿದ್ದು ಒಂದೇ ಸಾಲು, 62 ಲಕ್ಷದ ಮಾಲು ಇದೆ ಆದ್ರೆ ಬೇಕಾದ ಪಾರ್ಟ್ ಇಲ್ಲ ಅನ್ನೋದು. ನಿಮ್ಮ ಸಮಸ್ಯೆ ಪೂರ್ತಿ ಅದರಲ್ಲೇ ಇದೆ. ಮಾಲು ಕಮ್ಮಿ ಇದ್ದು ಲೇಟ್ ಆಗ್ತಿದ್ರೆ ಅದಕ್ಕೆ ಬೇರೆ ದಾರಿ, ನಿಮ್ಮದು ಮಾಲು ಜಾಸ್ತಿ ಇರೋದ್ರಿಂದ್ಲೇ ಲೇಟ್ ಆಗ್ತಿರೋ ಕೇಸು. ಕೇಳೋಕೆ ಉಲ್ಟಾ ಅನ್ಸತ್ತೆ, ಲೆಕ್ಕ ತೋರಿಸ್ತೀನಿ, ನೀವೇ ಹಾಕಿ ನೋಡಿ.

ತಿಂಗಳಿಗೆ 6,000 ಶಾಫ್ಟ್, 25 ಕೆಲಸದ ದಿನ, ಅಂದ್ರೆ ದಿನಕ್ಕೆ 240. ಈಗ ಶೆಡ್‌ನಲ್ಲಿ ಅರ್ಧಂಬರ್ಧ ಆಗಿರೋದು, ಹೀಟ್ ಟ್ರೀಟ್‌ಮೆಂಟ್‌ನವರ ಹತ್ರ ಇರೋದು, ಗ್ರೈಂಡಿಂಗ್‌ನವರ ಹತ್ರ ಇರೋದು, ಎಲ್ಲ ಸೇರಿಸಿ ಶಾಫ್ಟ್ ಎಣಿಸಿ. ಈ ಸೈಜಿನ ಯೂನಿಟ್‌ಗಳಲ್ಲಿ ನಾನು ಎಣಿಸಿದಾಗೆಲ್ಲ ಒಂದು ತಿಂಗಳ ಮಾಲಿನ ಹತ್ರಹತ್ರ ಬರತ್ತೆ, ನಿಮ್ಮದೂ 6,000 ಇದೆ ಅಂತ ಇಟ್ಕೊಳ್ಳೋಣ. 6,000ವನ್ನ 240ರಿಂದ ಭಾಗಿಸಿದ್ರೆ 25. ಅಂದ್ರೆ ಇವತ್ತು ಬ್ಯಾಂಡ್ ಸಾ ಮೇಲೆ ಕಟ್ ಆದ ಬಾರ್ ಪೀಸ್ ಗಾಡಿ ಹತ್ತೋದು 25 ಕೆಲಸದ ದಿನ ಆದ್ಮೇಲೆ. ಇದು ಲಿಟಲ್ಸ್ ಲಾ, ಜಾನ್ ಲಿಟಲ್ ಅನ್ನೋರು 1961ರಲ್ಲಿ ಗಣಿತದಲ್ಲಿ ಸಾಬೀತು ಮಾಡಿದ್ದು, ಬ್ಯಾಂಕಿನ ಕ್ಯೂಗೂ ಇದೇ ಲೆಕ್ಕ, ನಿಮ್ಮ ಶೆಡ್‌ಗೂ ಇದೇ. ಒಳಗಿರೋ ಮಾಲು 2,400ಕ್ಕೆ ಇಳಿದ್ರೆ ದಿನ ಹತ್ತಕ್ಕೆ ಇಳಿಯತ್ತೆ, ಒಂದು ಮೆಷಿನ್ ಕೂಡ ಜೋರಾಗಿ ಓಡ್ಬೇಕಾಗಿಲ್ಲ.

ಆ 25 ದಿನದಲ್ಲಿ ಶಾಫ್ಟ್ ಮೇಲೆ ನಿಜವಾಗ್ಲೂ ಕೆಲಸ ನಡೆಯೋದು ಎಷ್ಟೊತ್ತು? ಫೇಸಿಂಗ್ ಸೆಂಟರಿಂಗ್, ಎರಡು ಸೈಡ್ ಟರ್ನಿಂಗ್, ಕೀವೇ, ಗ್ರೈಂಡಿಂಗ್ ಎಲ್ಲ ಸೇರಿ ಒಂದು ಪೀಸಿಗೆ ಹದಿನಾಲ್ಕು ಹದಿನೈದು ನಿಮಿಷ, ಫರ್ನೇಸ್ ಒಳಗೆ ಒಂದು ರಾತ್ರಿ. ಮಿಕ್ಕಿದ್ದೆಲ್ಲ ಕಾಯೋದೇ. ಅದಕ್ಕೇ ಇನ್ನೊಂದು ಸಿಎನ್‌ಸಿ ತಗೊಳ್ಳಿ ಅನ್ನೋ ಸಲಹೆನ ಸದ್ಯಕ್ಕೆ ಪಕ್ಕಕ್ಕಿಡಿ, ಯಾಕಂದ್ರೆ ಹೊಸ ಮೆಷಿನ್ ಆ ಹದಿನೈದು ನಿಮಿಷಕ್ಕೆ ಮಾತ್ರ ಸಹಾಯ ಮಾಡತ್ತೆ, 24 ದಿನದ ಕಾಯೋದನ್ನ ಅದು ಮುಟ್ಟೋದೂ ಇಲ್ಲ. ಅದು ಬಾಟಲ್‌ನೆಕ್, ಅಂದ್ರೆ ಇಡೀ ಕೆಲಸನ ತಡೆ ಹಿಡಿದಿರೋ ಮೆಷಿನ್ ಅಲ್ಲದಿದ್ರೆ ಇನ್ನಷ್ಟು ಅರ್ಧಂಬರ್ಧ ಮಾಲು ಗುಡ್ಡೆ ಹಾಕತ್ತೆ, ಜೊತೆಗೆ ಇಎಂಐ.

ಕೆಲವು ವರ್ಷದ ಹಿಂದೆ ನಿಮ್ಮಂಥದ್ದೇ ಒಂದು ಯೂನಿಟ್‌ನಲ್ಲಿ ನಾನು ಒಂದು ಕೆಲಸ ಮಾಡಿದ್ದೆ, ಅದನ್ನ ನೀವೂ ಮಾಡ್ಬೇಕು ಅನ್ನೋದು ನನ್ನ ಮೊದಲ ಸಲಹೆ. ಒಂದು ನೀಲಿ ಪ್ಲಾಸ್ಟಿಕ್ ಕ್ರೇಟಿಗೆ ಹಳದಿ ರಿಬ್ಬನ್ ಕಟ್ಟಿ, ಒಂದು ನೋಟ್ ಪುಸ್ತಕ ಹಿಡ್ಕೊಂಡು ಅದರ ಹಿಂದೆ ಹೋದೆ, ಎಲ್ಲಿ ನಿಂತ್ತು, ಎಷ್ಟೊತ್ತು ನಿಂತ್ತು, ಯಾಕೆ ನಿಂತ್ತು ಅಂತ ಬರೀತಾ. ಟರ್ನಿಂಗ್ ಮುಗಿದ ಕ್ರೇಟು ಶೆಡ್ಡಿನ ಮೆಟ್ಟಿಲ ಕೆಳಗೆ ಹೋಗಿ ಕೂತ್ಕೊಳ್ತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಕೇಳಿದ್ರೆ ಸೂಪರ್‌ವೈಸರ್ ಹೀಟ್ ಟ್ರೀಟ್‌ಮೆಂಟ್‌ನವರು ಗಾಡಿ ಕಳಿಸಿಲ್ಲ ಅಂದ್ರು, ಅವರಿಗೆ ಫೋನ್ ಮಾಡಿದ್ರೆ ನಿಮ್ಮ ಡಿಸಿ (ಮಾಲಿನ ಜೊತೆ ಹೋಗೋ ಡೆಲಿವರಿ ಚಲನ್) ರೆಡಿ ಇಲ್ಲ ಅಂತ ನಮ್ಮ ಡ್ರೈವರ್ ಎರಡು ಸಲ ಖಾಲಿ ಗಾಡಿ ವಾಪಸ್ ತಂದ ಅಂದ್ರು. ಡಿಸಿ ಬರೆಯೋ ಹುಡುಗ ಬೆಳಗ್ಗೆಯಿಂದ ಇನ್‌ವಾಯ್ಸ್, ಬ್ಯಾಂಕ್ ಅಂತ ಓಡಾಡಿ ಸಂಜೆ ಆರರ ಮೇಲೆ ಡಿಸಿಗೆ ಕೂರೋನು, ಜಾಬ್ ವರ್ಕ್ ಗಾಡಿ ಬರೋದು ಮಧ್ಯಾಹ್ನ ಮೂರಕ್ಕೆ. ನಾಲ್ಕು ದಿನ ಹೋಗಿದ್ದು ಅಷ್ಟಕ್ಕೆ. ಮಾಲೀಕರು ಮಾರನೇ ದಿನದಿಂದ ಎರಡು ಗಂಟೆಯೊಳಗೆ ಡಿಸಿ ಮುಗಿಸ್ಬೇಕು ಅಂತ ಬದಲಾಯಿಸಿದ್ರು, ಖರ್ಚು ಒಂದು ರೂಪಾಯೀನೂ ಇಲ್ಲ. ಆ ಹುಡುಗನ ತಪ್ಪೂ ಇರ್ಲಿಲ್ಲ, ಅವನ ಡಿಸಿಗೋಸ್ಕರ ಮಾಲು ಕಾಯ್ತಿದೆ ಅಂತ ಅವನಿಗೆ ಯಾರೂ ಹೇಳೇ ಇರ್ಲಿಲ್ಲ.

ಈಗ ಸೆಟ್ಟಿಂಗ್ ವಿಷಯ, ಅಂದ್ರೆ ಒಂದು ಪಾರ್ಟ್ ಇಳಿಸಿ ಇನ್ನೊಂದಕ್ಕೆ ಮೆಷಿನ್ ಸಿದ್ಧ ಮಾಡೋದು. ನೀವು ಬರೆದಿಲ್ಲ, ಆದ್ರೆ ನಿಮ್ಮ ಶೆಡ್‌ನಲ್ಲಿ ಒಂದು ಪಾರ್ಟ್ ಹತ್ತಿಸಿದ್ರೆ 1,500 ಆಗೋವರ್ಗೂ ಇಳಿಸಲ್ಲ ಅಂತ ನನ್ನ ಅಂದಾಜು. ಯಾಕೆ ಅಂದ್ರೆ ಸೆಟ್ಟಿಂಗ್‌ಗೆ ಮೂರು ಗಂಟೆ ಹೋಗತ್ತೆ, ಸೆಟ್ಟರ್ ಬೈಕೊಳ್ತಾನೆ, ಮೆಷಿನ್ ನಿಂತ್ರೆ ನಿಮ್ಮ ಜೀವಕ್ಕೆ ತಡೆಯಲ್ಲ. ಇದೇ ದೊಡ್ಡ ತಪ್ಪು ನಂಬಿಕೆ, ಮೆಷಿನ್ ನಿಲ್ಬಾರ್ದು ಅನ್ನೋದು. ಒಂದು ಆಪರೇಷನ್‌ಗೆ ಪೀಸಿಗೆ ಮೂರು ನಿಮಿಷ ಅಂದ್ರೆ 1,500 ಪೀಸ್ 75 ಗಂಟೆ, ಎರಡು ಶಿಫ್ಟ್‌ನಲ್ಲಿ ಹತ್ರಹತ್ರ ಐದು ದಿನ. ಆ ಐದು ದಿನ ಆ ಮೆಷಿನ್ ಮೇಲೆ ಬೇರೆ ಏಳೆಂಟು ಪಾರ್ಟ್‌ಗೆ ಜಾಗ ಇಲ್ಲ. ಅಷ್ಟರಲ್ಲಿ ಹೊಸೂರಿಂದ ಇನ್ನೊಂದು ಪಾರ್ಟ್‌ಗೆ ಫೋನ್ ಬರತ್ತೆ, ನೀವು ಮಧ್ಯದಲ್ಲೇ ಇಳಿಸಿ ಅದನ್ನ ಹತ್ತಿಸ್ತೀರಿ, ಇನ್ನೊಂದು ಮೂರು ಗಂಟೆ ಹೋಯ್ತು, ಇಳಿಸಿದ ಶಾಫ್ಟ್ ಅರ್ಧಕ್ಕೇ ನಿಂತ್ತು, ಸಂಜೆ ಸ್ಪೆಷಲ್ ಗಾಡಿ ಹೊರಡತ್ತೆ. ನಿಮ್ಮ 1 ಲಕ್ಷ 80 ಸಾವಿರ ಹುಟ್ಟೋದು ಇಲ್ಲಿ, ಬಿಲ್ ಮಾತ್ರ ಟ್ರಾನ್ಸ್‌ಪೋರ್ಟ್ ಹೆಸರಲ್ಲಿ ಬರತ್ತೆ.

ಸೆಟ್ಟಿಂಗ್ ಮೂರು ಗಂಟೆಯಿಂದ ಮುಕ್ಕಾಲು ಗಂಟೆಗೆ ಇಳಿದ್ರೆ ಏನಾಗತ್ತೆ ನೋಡಿ. ಈಗ 6,000 ಪೀಸಿಗೆ ನಾಲ್ಕು ಸೆಟ್ಟಿಂಗ್, ಒಟ್ಟು 12 ಗಂಟೆ. ಮುಕ್ಕಾಲು ಗಂಟೆಯ ಹದಿನಾರು ಸೆಟ್ಟಿಂಗ್ ಮಾಡಿದ್ರೂ ಅದೇ 12 ಗಂಟೆ, ಆದ್ರೆ ಬ್ಯಾಚ್ 1,500ರಿಂದ 375ಕ್ಕೆ ಬಂತು. 375 ಪೀಸ್ ಅಂದ್ರೆ 19 ಗಂಟೆ, ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ. ಮೆಷಿನ್ ನಿಲ್ಲೋ ಹೊತ್ತು ಒಂದು ನಿಮಿಷಾನೂ ಹೆಚ್ಚಿಲ್ಲ.

ಮುಕ್ಕಾಲು ಗಂಟೆ ಸಾಧ್ಯಾನಾ ಅಂತೀರಾ? 1969ರಲ್ಲಿ ಜಪಾನಿನ ಟೊಯೋಟಾದಲ್ಲಿ 1,000 ಟನ್ ಪ್ರೆಸ್ಸಿನ ಡೈ (ಅಚ್ಚು) ಬದಲಾಯಿಸೋಕೆ ನಾಲ್ಕು ಗಂಟೆ ಹಿಡೀತಿತ್ತು, ಶಿಗೆಯೊ ಶಿಂಗೋ ಅನ್ನೋ ಎಂಜಿನಿಯರ್ ಅದನ್ನ ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ತಂದ್ರು. ನಿಮಗೆ ಮೂರು ನಿಮಿಷ ಬೇಡ. ನಿಮ್ಮ ಸೆಟ್ಟರ್ ಒಂದು ಸೆಟ್ಟಿಂಗ್ ಮಾಡೋದನ್ನ ಮೊಬೈಲ್‌ನಲ್ಲಿ ಪೂರ್ತಿ ವಿಡಿಯೋ ಮಾಡಿ, ಅವನನ್ನ ಪಕ್ಕದಲ್ಲೇ ಕೂರಿಸ್ಕೊಂಡು ಇಬ್ರೂ ನೋಡಿ. ಮೂರು ಗಂಟೆಯಲ್ಲಿ ಅವನ ಕೈ ಮೆಷಿನ್ ಮೇಲೆ ಇರೋದು ಒಂದು ಗಂಟೆ ಇದ್ರೆ ಹೆಚ್ಚು. ಸಾಫ್ಟ್ ಜಾ (ಪೀಸ್ ಹಿಡಿಯೋ ಹಲ್ಲು) ಹುಡುಕೋದು, ಸಿಕ್ಕಿದ್ಮೇಲೆ ಅದನ್ನ ಬೋರ್ ಮಾಡೋದು, ಇನ್ಸರ್ಟ್‌ಗೆ (ಕತ್ತರಿಸೋ ತುದಿ) ಸ್ಟೋರ್‌ಗೆ ಹೋಗೋದು, ಸ್ಟೋರ್ ಕೀ ಸೂಪರ್‌ವೈಸರ್ ಜೇಬಲ್ಲಿ ಇರೋದು, ಸೂಪರ್‌ವೈಸರ್ ಹೀಟ್ ಟ್ರೀಟ್‌ಮೆಂಟ್‌ಗೆ ಹೋಗಿರೋದು, ಕೊನೇಲಿ ಫಸ್ಟ್ ಪೀಸ್ ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ನಲವತ್ತು ನಿಮಿಷ ಕಾಯೋದು, ಯಾಕಂದ್ರೆ ಕ್ಯೂಸಿ ಊಟಕ್ಕೆ ಹೋಗಿದಾರೆ. ಇದರಲ್ಲಿ ಮುಕ್ಕಾಲುಪಾಲು ಹಳೇ ಬ್ಯಾಚ್ ಓಡ್ತಿರುವಾಗ್ಲೇ ಮುಗಿಸಿ ಇಡ್ಬಹುದು. ಪಾರ್ಟಿಗೊಂದು ಟ್ರೇ ಮಾಡಿ, ಜಾ, ಇನ್ಸರ್ಟ್, ಗೇಜ್, ಡ್ರಾಯಿಂಗ್ ಎಲ್ಲ ಅದರಲ್ಲೇ ಇರ್ಲಿ, ಅರ್ಧ ಗಂಟೆ ಮುಂಚೆ ಟ್ರೇ ಮೆಷಿನ್ ಪಕ್ಕ ಬರ್ಲಿ. ಬೋರ್ ಮಾಡಿದ ಜಾ ಮೇಲೆ ಪಾರ್ಟ್ ನಂಬರ್ ಪಂಚ್ ಮಾಡಿ. ಒಂದು ರಿಸ್ಕ್ ಇದೆ, ಸೆಟ್ಟಿಂಗ್ ಜಾಸ್ತಿ ಆದ ಮೊದಲ ಒಂದೆರಡು ತಿಂಗಳು ಫಸ್ಟ್ ಪೀಸ್ ರಿಜೆಕ್ಷನ್ ಏರತ್ತೆ. ಆಫ್‌ಸೆಟ್ (ಟೂಲ್ ಸರಿಹೊಂದಿಸಿದ ಅಳತೆ) ಬರೆದಿಡೋ ಶಿಸ್ತು ಬರೋವರ್ಗೂ ಎಲ್ಲ ಮೆಷಿನ್‌ಗೂ ಹಚ್ಚಬೇಡಿ, ಒಂದೇ ಒಂದು ಲೇತ್ ಮೇಲೆ ಶುರು ಮಾಡಿ. ಸೆಟ್ಟರ್‌ಗೆ ಇದು ತನ್ನ ಮೇಲೆ ಗೂಢಚಾರಿಕೆ ಅನ್ನಿಸ್ಬಾರ್ದು, ಆ ವಿಡಿಯೋ ಅವನ ಒಪ್ಪಿಗೆ ಇಲ್ದೆ ತೆಗೀಲೇಬೇಡಿ.

ಮೆಷಿನ್ ಲೋಡ್ ಬಗ್ಗೆ ಇನ್ನೊಂದು ಮಾತು. 80 ಪರ್ಸೆಂಟ್ ಲೋಡ್‌ನಲ್ಲಿರೋ ಮೆಷಿನ್‌ನ 95ಕ್ಕೆ ಏರಿಸಿದ್ರೆ ಔಟ್‌ಪುಟ್ ಅಷ್ಟೇ ಹೆಚ್ಚಾಗತ್ತೆ ಅಂತ ನಾವು ಅಂದ್ಕೊಳ್ತೀವಿ, ಆದ್ರೆ ಅದರ ಮುಂದಿನ ಕ್ಯೂ ಹಾಗೆ ಬೆಳೆಯಲ್ಲ. ಕ್ಯೂ ಲೆಕ್ಕದ ಅತ್ಯಂತ ಸರಳ ಮಾದರಿಯಲ್ಲಿ ಕೆಲಸ ಒಂದಕ್ಕೆ ಒಂದು ಗಂಟೆ ಅಂದ್ರೆ 80 ಪರ್ಸೆಂಟ್‌ನಲ್ಲಿ ಕಾಯೋದು ನಾಲ್ಕು ಗಂಟೆ, 90ರಲ್ಲಿ ಒಂಬತ್ತು, 95ರಲ್ಲಿ ಹತ್ತೊಂಬತ್ತು. ಗೊರಗುಂಟೆಪಾಳ್ಯ ಜಂಕ್ಷನ್ ಟ್ರಾಫಿಕ್‌ನಲ್ಲಿ ಬೆಳಗ್ಗೆ ಆರೂವರೆಗೂ ಎಂಟೂವರೆಗೂ ಇರೋ ವ್ಯತ್ಯಾಸ ನಿಮಗೇ ಗೊತ್ತು, ಗಾಡಿ ಎರಡು ಪಟ್ಟು ಆಗಿರಲ್ಲ, ಆದ್ರೆ ಹೊತ್ತು ಐದು ಪಟ್ಟು ಹೋಗತ್ತೆ. ಅದಕ್ಕೇ ಬಾಟಲ್‌ನೆಕ್ ಮೆಷಿನ್ ಒಂದನ್ನ ಬಿಟ್ಟು ಮಿಕ್ಕ ಮೆಷಿನ್ ಸ್ವಲ್ಪ ಹೊತ್ತು ಸುಮ್ನೆ ನಿಂತ್ರೆ ನಿಲ್ಲಲಿ, ಸಂಕಟ ಪಡ್ಬೇಡಿ.

ಹೀಟ್ ಟ್ರೀಟ್‌ಮೆಂಟ್‌ನವರು ಲೇಟ್ ಮಾಡ್ತಾರೆ ಅನ್ನೋ ದೂರು ಪೀಣ್ಯದಲ್ಲಿ ಕೇಳದ ದಿನ ಇಲ್ಲ. ಅವರ ಕಡೆಯಿಂದ ನೋಡಿ. ಕೇಸ್ ಕಾರ್ಬರೈಸಿಂಗ್ (ಉಕ್ಕಿನ ಮೇಲ್ಪದರಕ್ಕೆ ಇಂಗಾಲ ಸೇರಿಸಿ ಗಟ್ಟಿ ಮಾಡೋದು) ಅಂದ್ರೆ 900 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಲೆ ಇಡ್ಬೇಕು, ಫರ್ನೇಸ್ ಅರ್ಧ ತುಂಬಿದ್ರೂ ಕರೆಂಟು ಗ್ಯಾಸು ಹತ್ರಹತ್ರ ಅಷ್ಟೇ ಸುಡತ್ತೆ, ಹಾಗಾಗಿ ಒಂದೇ ಗ್ರೇಡು, ಒಂದೇ ಕೇಸ್ ಡೆಪ್ತ್ (ಗಟ್ಟಿ ಪದರದ ದಪ್ಪ) ಇರೋ ಮಾಲು ಸೇರಿ ಚಾರ್ಜ್ (ಒಂದು ಸಲಕ್ಕೆ ಫರ್ನೇಸ್‌ಗೆ ಹಾಕೋ ಲೋಡ್) ತುಂಬೋವರ್ಗೂ ಅವರು ಕಾಯ್ತಾರೆ. ನೀವು ಆರು ದಿನ ಏನೂ ಕಳಿಸ್ದೆ ಏಳನೇ ದಿನ 1,500 ಶಾಫ್ಟ್ ಸುರಿದು ನಾಳೆ ಬೇಕು ಅಂದ್ರೆ ಅವರ ಕೈಲಿ ಆಗಲ್ಲ. ಒಂದು ಸಲ ಅವರ ಹತ್ರ ಹೋಗಿ ಕೂತು ಒಂದೇ ಪ್ರಶ್ನೆ ಕೇಳಿ, ನನ್ನ ಶಾಫ್ಟ್ ಒಂದು ಚಾರ್ಜ್‌ಗೆ ಎಷ್ಟು ಹಿಡಿಯತ್ತೆ ಅಂತ. ಅವರು ಹೇಳೋ ಆ ನಂಬರ್ರೇ ನಿಮ್ಮ ಲಾಟ್ ಸೈಜ್ ಆಗ್ಲಿ. ಮಂಗಳವಾರ, ಗುರುವಾರ, ಶನಿವಾರ ರಾತ್ರಿಯ ಚಾರ್ಜ್ ನಮ್ಮದು ಅಂತ ಮಾತಾಡ್ಕೊಳ್ಳಿ, ಅವರಿಗೆ ಗ್ಯಾರಂಟಿ ಲೋಡ್ ಸಿಗತ್ತೆ, ನಿಮಗೆ ಗ್ಯಾರಂಟಿ ದಿನ ಸಿಗತ್ತೆ. ಇದಕ್ಕೆ ಬೆಲೆ ಎರಡು, ಸ್ಲಾಟ್ ದಿನ ನೀವು ಮಾಲು ಕೊಡದಿದ್ರೆ ಆ ಸ್ಲಾಟ್ ಕಳ್ಕೊಳ್ತೀರಿ, ಮತ್ತೆ ಅವರ ಬಿಲ್ ಟೈಮಿಗೆ ಕೊಡ್ಬೇಕು. ದುಡ್ಡು ತಡ ಮಾಡೋ ಪಾರ್ಟಿಯ ಕ್ರೇಟ್ ಮೂಲೆಗೆ ಹೋಗತ್ತೆ, ಇದನ್ನ ನಾನು ಹೀಟ್ ಟ್ರೀಟ್‌ಮೆಂಟ್ ಶೆಡ್‌ಗಳಲ್ಲಿ ನಿಂತು ಕಣ್ಣಾರೆ ನೋಡಿದೀನಿ.

ಕಮ್ಮಿ ರೇಟ್ ಅಂತ ಹೊಸೂರಿನ ಜಾಬ್ ವರ್ಕರ್ ಕಡೆ ಹೋಗೋ ಯೋಚನೆ ಇದ್ರೆ ನೆನಪಿರ್ಲಿ, ಅದು ತಮಿಳುನಾಡು. ಬೇರೆ ರಾಜ್ಯಕ್ಕೆ ಜಾಬ್ ವರ್ಕ್‌ಗೆ ಕಳಿಸಿದ್ರೆ ಮಾಲಿನ ಬೆಲೆ 50 ಸಾವಿರಕ್ಕಿಂತ ಕಮ್ಮಿ ಇದ್ರೂ ಇ-ವೇ ಬಿಲ್ (ಜಿಎಸ್‌ಟಿಯ ಆನ್‌ಲೈನ್ ಸಾಗಣೆ ದಾಖಲೆ) ಕಡ್ಡಾಯ. ಎಲ್ಲಿಗೇ ಕಳಿಸಿದ್ರೂ ಒಂದು ವರ್ಷದೊಳಗೆ ಮಾಲು ವಾಪಸ್ ಬರ್ಬೇಕು, ಇಲ್ಲಾಂದ್ರೆ ಕಳಿಸಿದ ದಿನವೇ ಮಾರಿದ ಹಾಗೆ ಜಿಎಸ್‌ಟಿ ಲೆಕ್ಕಕ್ಕೆ ಬರತ್ತೆ. ವರ್ಷ ಯಾಕಾಗತ್ತೆ ಅಂತೀರಿ, ರಿಜೆಕ್ಟ್ ಆಗಿ ಮೂಲೆಗೆ ಬಿದ್ದ ಕ್ರೇಟುಗಳು ಹೀಗೇ ಮರೆತು ಹೋಗತ್ತೆ, ಆಡಿಟ್‌ನಲ್ಲಿ ಹೊರಗೆ ಬರತ್ತೆ.

ಇನ್ನು ಜಸ್ಟ್ ಇನ್ ಟೈಮ್. ನಿಮ್ಮ ಕಸ್ಟಮರ್ ಕಡೆಯವರು ಸ್ಟಾಕ್ ಸೊನ್ನೆ ಮಾಡಿ ಅಂದಿದ್ದನ್ನ ಅಕ್ಷರಶಃ ತಗೋಬೇಡಿ. ಈ ಪದ್ಧತಿನ ಕಟ್ಟಿದ ಟೊಯೋಟಾಗೇ ಏನಾಯ್ತು ಗೊತ್ತಾ? 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿದ್ದ ಐಸಿನ್ ಸೇಕಿ ಕಾರ್ಖಾನೆ ಸುಟ್ಟು ಹೋಯ್ತು. ಬ್ರೇಕಿಗೆ ಹಾಕೋ ಪಿ-ವಾಲ್ವ್ ಅನ್ನೋ ಚಿಕ್ಕ ಪಾರ್ಟು, ಟೊಯೋಟಾ ಅದನ್ನ ಬಹುಪಾಲು ಅಲ್ಲಿಂದಲೇ ತಗೊಳ್ತಿತ್ತು, ಕೈಲಿದ್ದ ಸ್ಟಾಕು ಕೆಲವು ಗಂಟೆಗೆ ಮಾತ್ರ. ಜಪಾನಿನಲ್ಲಿ ಅದರ ಹತ್ರಹತ್ರ ಎಲ್ಲ ಲೈನೂ ನಿಂತೋಯ್ತು. ಆಮೇಲೆ ಸಪ್ಲೈಯರ್‌ಗಳೆಲ್ಲ ಸೇರಿ, ಹೊಲಿಗೆ ಮೆಷಿನ್ ಮಾಡೋ ಬ್ರದರ್ ಕಂಪನಿಯವರೂ ಸೇರಿ, ತಮ್ಮ ತಮ್ಮ ಮೆಷಿನ್‌ಗಳಲ್ಲಿ ಆ ವಾಲ್ವ್ ಕೊರೆದು ಕೊಟ್ಟು ಕೆಲವೇ ದಿನದಲ್ಲಿ ಲೈನ್ ಎಬ್ಬಿಸಿದ್ರು. 2011ರ ಭೂಕಂಪದಲ್ಲಿ ಚಿಪ್ ಮಾಡೋ ರೆನೆಸಾಸ್ ಕಾರ್ಖಾನೆ ಹಾಳಾದ್ಮೇಲೆ ಟೊಯೋಟಾ ತನ್ನ ಪಾಠ ಕಲಿತು, ಚಿಪ್ ಥರದ ಕಷ್ಟದ ಪಾರ್ಟುಗಳಿಗೆ ತಿಂಗಳುಗಟ್ಲೆ ಸ್ಟಾಕ್ ಇಡ್ಸೋಕೆ ಶುರು ಮಾಡ್ತು. 2021ರಲ್ಲಿ ಚಿಪ್ ಬರ ಬಂದಾಗ ಬೇರೆಯವರು ಮೊದಲೇ ನಿಂತ್ರು, ಟೊಯೋಟಾ ಕೆಲವು ತಿಂಗಳು ತಡ್ಕೊಳ್ತು, ಆಮೇಲೆ ಸೆಪ್ಟೆಂಬರ್‌ನಲ್ಲಿ ಅದೂ ಪ್ರೊಡಕ್ಷನ್ ಇಳಿಸ್ಬೇಕಾಯ್ತು.

ಹಾಗಾಗಿ ಸ್ಟಾಕ್ ಒಳ್ಳೇದಾ ಕೆಟ್ಟದ್ದಾ ಅಂತ ಕೇಳ್ಬೇಡಿ, ಎಲ್ಲಿ ಇಡೋದು ಅಂತ ಕೇಳಿ. ನಿಮ್ಮ 62 ಲಕ್ಷದಲ್ಲಿ ಜಾಸ್ತಿ ಭಾಗ ಮಧ್ಯದಲ್ಲಿ ಚೆಲ್ಲಾಪಿಲ್ಲಿ ಆಗಿದೆ, ಯಾವ ಕೆಲಸಕ್ಕೂ ಬರ್ದಿರೋ ಜಾಗದಲ್ಲಿ. ನಾನಾದ್ರೆ ಎರಡು ಕಡೆ ಮಾತ್ರ ಇಡ್ತೀನಿ. ಒಂದು, ಹೊಸೂರು ಶಾಫ್ಟ್ ಮತ್ತೆ ಚಾಕಣ್ ಶಾಫ್ಟ್ ಎರಡೂ ಎಲ್ಲಿವರೆಗೆ ಒಂದೇ ಥರ ಇವೆಯೋ ಅಲ್ಲಿ, ಒಂದೇ ಬಾರ್, ಒಂದೇ ಕಟ್ಟಿಂಗ್ ಲೆಂತ್ ಆದ್ರೆ ಕಟ್ ಪೀಸ್ ಆಗಿ. ಯಾರು ಮೊದಲು ಕೇಳ್ತಾರೋ ಅವರ ಕಡೆ ತಿರುಗಿಸ್ಬಹುದು, ಅದಕ್ಕೆ ಹಾಕಿರೋ ದುಡ್ಡೂ ಅಲ್ಲಿವರೆಗೆ ಕಮ್ಮಿ. ಇನ್ನೊಂದು, ಫಿನಿಶ್ ಆದ ಮಾಲು ನಾಲ್ಕೈದು ದಿನದ್ದು, ಓಡೋ ಪಾರ್ಟ್‌ಗೆ ಮಾತ್ರ. ಸೇಫ್ಟಿ ಸ್ಟಾಕ್ (ಆಪತ್ತಿಗೆ ಅಂತ ಇಡೋ ಹೆಚ್ಚುವರಿ ಮಾಲು) ಎಷ್ಟು ಬೇಕು ಅನ್ನೋದು ಲೀಡ್ ಟೈಮಿನ (ಬಾರ್ ಕಟ್ ಆಗಿ ಗಾಡಿ ಹತ್ತೋವರ್ಗಿನ ದಿನ) ವರ್ಗಮೂಲದ ಮೇಲೆ ನಿಂತಿದೆ, ಡಿಮ್ಯಾಂಡಿನ ಏರಿಳಿತ ಹಾಗೇ ಇದ್ರೆ ಲೀಡ್ ಟೈಮ್ ಕಾಲು ಭಾಗಕ್ಕೆ ಇಳಿದಾಗ ಸೇಫ್ಟಿ ಸ್ಟಾಕ್ ಅರ್ಧಕ್ಕೆ ಇಳಿಯತ್ತೆ. ಅದಕ್ಕೇ ಮೊದಲು ಸ್ಟಾಕ್ ಕಿತ್ತು ಆಮೇಲೆ ಲೀಡ್ ಟೈಮ್ ನೋಡೋಣ ಅನ್ನೋರು ಕಸ್ಟಮರ್ ಲೈನ್ ನಿಲ್ಲಿಸಿದ್ದಕ್ಕೆ ಡೆಬಿಟ್ ನೋಟ್ (ಬಿಲ್‌ನಲ್ಲಿ ಹಿಡಿಯೋ ದಂಡ) ತಿಂತಾರೆ. ದಿನ ಮೊದಲು ಇಳಿಸಿ, ಸ್ಟಾಕ್ ಅದರ ಹಿಂದೆ ಇಳಿಸಿ.

ಹಬ್ಬಗಳಿಗೆ ಮಾತ್ರ ಬೇಕಂತಲೇ ಸ್ಟಾಕ್ ಕಟ್ಟಿ. ಆಯುಧಪೂಜೆಗೆ ನಮ್ಮಲ್ಲಿ ಎಲ್ಲ ಬಂದ್, ದೀಪಾವಳಿ ಮುಗಿಸಿ ಛಠ್‌ಗೆ ಅಂತ ಊರಿಗೆ ಹೋದ ಬಿಹಾರದ ಹುಡುಗರು ವಾಪಸ್ ಬರೋಕೆ ಎರಡು ಮೂರು ವಾರ, ಆದ್ರೆ ಕಸ್ಟಮರ್ ಲೈನ್ ಆ ಎಲ್ಲ ದಿನ ನಿಲ್ಲಲ್ಲ. ಇದು ಪ್ರತಿ ವರ್ಷ ಬರತ್ತೆ, ಪ್ರತಿ ವರ್ಷ ಸ್ಪೆಷಲ್ ಗಾಡಿನೂ ಹೋಗತ್ತೆ.

ಚಾಕಣ್ ಬಗ್ಗೆ ಬೇರೆ ಯೋಚಿಸ್ಬೇಕು. ಎಂಟುನೂರು ಕಿಲೋಮೀಟರ್ ಮೇಲೆ ಇದೆ, ಪಾರ್ಟ್ ಲೋಡ್‌ನಲ್ಲಿ (ಬೇರೆಯವರ ಮಾಲಿನ ಜೊತೆ) ಹಾಕಿದ್ರೆ ಎರಡು ಮೂರು ದಿನ, ಟ್ರಾನ್ಸ್‌ಪೋರ್ಟ್‌ನವರ ಗೋಡೌನ್‌ನಲ್ಲಿ ಕೂತ್ರೆ ಇನ್ನೂ ಒಂದು. ಕಸ್ಟಮರ್ ಒಪ್ಪಿದ್ರೆ ಅಲ್ಲಿ ಹತ್ರದ ಒಂದು ಬಾಡಿಗೆ ಗೋಡೌನ್‌ನಲ್ಲಿ ಒಂದು ವಾರದ ಮಾಲು ಇಟ್ರೆ ಸ್ಪೆಷಲ್ ಗಾಡಿ ನಿಲ್ಲತ್ತೆ, ನಿಮ್ಮ ಐದು ಟ್ರಿಪ್ಪೇ ಒಂದೂವರೆ ಲಕ್ಷ ತಿಂದಿರೋದು. ಆದ್ರೆ ಅಲ್ಲಿ ನಿಮ್ಮ ಹೆಸರಲ್ಲಿ ಸ್ಟಾಕ್ ಇಟ್ಟು ಅಲ್ಲಿಂದ ಬಿಲ್ ಮಾಡ್ಬೇಕಂದ್ರೆ ಮಹಾರಾಷ್ಟ್ರದಲ್ಲಿ ಬೇರೆ ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಕು, ಇಲ್ಲಿಂದ ಅಲ್ಲಿಗೆ ಕಳಿಸಿದ್ದಕ್ಕೂ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗೋ ಮಾಲಿನ ಜಿಎಸ್‌ಟಿ) ಕಟ್ಟಿ ಆಮೇಲೆ ಕ್ರೆಡಿಟ್ ತಗೋಬೇಕು, ಅಷ್ಟು ದುಡ್ಡು ನಡುವೆ ಸಿಕ್ಕಾಕೊಳ್ಳತ್ತೆ. ಮಳೆಗಾಲದಲ್ಲಿ ತುಕ್ಕು ಹಿಡಿಯತ್ತೆ, ಡ್ರಾಯಿಂಗ್ ರಿವಿಷನ್ ಬಂದ್ರೆ ಅಲ್ಲಿರೋದೆಲ್ಲ ಸ್ಕ್ರ್ಯಾಪ್. ನಿಮ್ಮ ಆಡಿಟರ್ ಹತ್ರ ಕೂತು ಲೆಕ್ಕ ಹಾಕಿ, ಮೂರು ತಿಂಗಳು ಸತತವಾಗಿ ತಿಂಗಳಿಗೆ ಮೂರಕ್ಕಿಂತ ಜಾಸ್ತಿ ಸ್ಪೆಷಲ್ ಗಾಡಿ ಹೋದ್ರೆ ಮಾತ್ರ ಯೋಚಿಸಿ. ಬ್ಯಾಚ್ ಇಳಿಸಿದ್ರೆ ಅದರ ಅಗತ್ಯ ಬೀಳದೇ ಇರ್ಬಹುದು.

ಸ್ವಂತ ಗಾಡಿ ಬೇಡ. ಹೊಸೂರಿಗೆ ದಿನಕ್ಕೆ ನೂರಿನ್ನೂರು ಶಾಫ್ಟ್ ಒಯ್ಯೋಕೆ ಗಾಡಿ, ಡ್ರೈವರ್, ಇನ್ಶೂರೆನ್ಸ್, ಎಫ್‌ಸಿ ಎಲ್ಲ ಹೊತ್ಕೊಂಡ್ರೆ ಗಾಡಿ ಅರ್ಧ ದಿನ ಶೆಡ್ ಮುಂದೆ ನಿಂತಿರತ್ತೆ. ಅದರ ಬದ್ಲು ನಿಮ್ಮ ರಸ್ತೆಯಲ್ಲೇ ಅದೇ ಕಸ್ಟಮರ್‌ಗೆ ಮಾಲು ಕೊಡೋ ಇನ್ನೂ ಮೂರು ನಾಲ್ಕು ಯೂನಿಟ್ ಇರ್ತಾವೆ, ವಿಚಾರಿಸಿ. ಎಲ್ಲ ಸೇರಿ ಒಂದು ಗಾಡಿ ಮಾತಾಡಿ, ಬೆಳಗ್ಗೆ ಇಂತಿಷ್ಟೊತ್ತಿಗೆ ಎಲ್ಲರ ಬಾಗಿಲಿಗೂ ಬಂದು ಕ್ರೇಟ್ ತುಂಬ್ಕೊಂಡು ಹೋಗ್ಲಿ, ಬರುವಾಗ ಖಾಲಿ ಕ್ರೇಟ್ ತರ್ಲಿ. ಡೈರಿಯವರು ಹಳ್ಳಿ ಹಳ್ಳಿ ಹಾಲು ಎತ್ಕೊಂಡು ಹೋಗ್ತಾರಲ್ಲ, ಅದೇ ಕ್ರಮ, ಅದಕ್ಕೇ ಮಿಲ್ಕ್ ರನ್ ಅಂತ ಹೆಸರು. ಪ್ರತಿಯೊಬ್ಬರ ಇನ್‌ವಾಯ್ಸ್, ಇ-ವೇ ಬಿಲ್ ಬೇರೆ ಬೇರೆ ಇರತ್ತೆ, ಗಾಡಿಯವರು ಕನ್ಸಾಲಿಡೇಟೆಡ್ ಇ-ವೇ ಬಿಲ್ ಮಾಡ್ಕೋಬಹುದು. ತೊಂದರೆ ಏನಂದ್ರೆ ಒಬ್ಬರು ಐದೇ ನಿಮಿಷ ಅಂತ ಹೇಳಿ ಅರ್ಧ ಗಂಟೆ ಕಾಯಿಸಿದ್ರೆ ಎಲ್ಲರ ಮಾಲೂ ಲೇಟ್, ಹೊತ್ತು ಮೀರಿದ್ರೆ ಪೀಕ್ ಅವರ್‌ನಲ್ಲಿ ಗೂಡ್ಸ್ ಗಾಡಿ ಬಿಡದ ರಸ್ತೆಗಳು ಬೇರೆ. ಹತ್ತು ನಿಮಿಷ ಆದ್ಮೇಲೆ ಗಾಡಿ ಹೊರಡತ್ತೆ ಅನ್ನೋ ನಿಯಮ ಮೊದಲ ದಿನವೇ ಮಾಡಿ, ಮೊದಲ ವಾರದಲ್ಲೇ ಒಂದು ಸಲ ಯಾರನ್ನಾದ್ರೂ ಬಿಟ್ಟು ಹೊರಡ್ಬೇಕಾಗತ್ತೆ, ಹೊರಡಿ. ಪೀಣ್ಯದ ಫ್ಲೈಓವರ್ 2021ರ ಡಿಸೆಂಬರ್‌ನಲ್ಲಿ ಮುಚ್ಚಿದ ಮೇಲೆ ಭಾರಿ ವಾಹನಗಳಿಗೆ ಎರಡೂವರೆ ವರ್ಷ ಬಿಡಲೇ ಇಲ್ಲವಲ್ಲ, ಆ ದಿನಗಳಲ್ಲಿ ಗಾಡಿ ಹೊತ್ತು ಹೆಚ್ಚುಕಮ್ಮಿ ಆದ್ರೂ ಲೈನ್ ನಿಲ್ಲಿಸ್ದೇ ಇದ್ದೋರು ಬೆಳಗಿನ ಜಾವದ ಟೈಮ್ ಫಿಕ್ಸ್ ಮಾಡ್ಕೊಂಡವರೇ.

ಕಸ್ಟಮರ್ ಶೆಡ್ಯೂಲ್ ಬಗ್ಗೆ ನೀವೇನೂ ಬರೆದಿಲ್ಲ, ಆದ್ರೆ ಒಂದು ತಿಂಗಳು 4,500, ಮುಂದಿನ ತಿಂಗಳು 7,500 ಅಂತ ಕುಣೀತಿರತ್ತೆ ಅಲ್ವಾ? ಲೈನ್‌ನಲ್ಲಿ ನಿಜವಾಗಿ ಬಳಸೋದು ಅಷ್ಟು ಕುಣಿಯಲ್ಲ. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರು ಪ್ಯಾಂಪರ್ಸ್ ಡೈಪರ್ ಆರ್ಡರ್ ನೋಡಿ ಇದನ್ನೇ ಕಂಡುಕೊಂಡ್ರು, ಮಕ್ಕಳು ಒದ್ದೆ ಮಾಡೋದು ತಿಂಗಳು ತಿಂಗಳೂ ಹೆಚ್ಚುಕಮ್ಮಿ ಒಂದೇ, ಅಂಗಡಿಯ ಮಾರಾಟದಲ್ಲಿ ಸಣ್ಣ ಅಲೆ, ಡಿಸ್ಟ್ರಿಬ್ಯೂಟರ್ ಆರ್ಡರ್‌ನಲ್ಲಿ ದೊಡ್ಡದು, ಕಚ್ಚಾಮಾಲಿನ ಆರ್ಡರ್‌ನಲ್ಲಿ ಇನ್ನೂ ದೊಡ್ಡದು. ಬುಲ್‌ವಿಪ್ ಎಫೆಕ್ಟ್ ಅಂತಾರೆ. ನೀವು ಆ ಸಾಲಿನ ಬಾಲದಲ್ಲಿದೀರಿ, ಹೆದರಿ ಸ್ಟೀಲ್ ಡೀಲರ್ ಹತ್ರ ಇನ್ನೂ ಜಾಸ್ತಿ ಬಾರ್ ಹೇಳ್ತೀರಿ. ಕಸ್ಟಮರ್‌ನ ಪರ್ಚೇಸ್‌ನವರನ್ನ ಬಿಟ್ಟು ಸ್ಟೋರ್ಸ್‌ನವರ ಹತ್ರ ಪ್ರತಿ ಸೋಮವಾರ ಹಿಂದಿನ ವಾರ ಲೈನ್‌ಗೆ ಎಷ್ಟು ಇಶ್ಯೂ ಆಯ್ತು, ಕೈಲಿ ಎಷ್ಟಿದೆ ಅಂತ ಎರಡೇ ನಂಬರ್ ಕೇಳಿ. ಹೆಚ್ಚಿನವರು ಕೊಡ್ತಾರೆ, ಯಾಕಂದ್ರೆ ಶಾರ್ಟೇಜ್ ಆದ್ರೆ ಬೈಸ್ಕೊಳ್ಳೋದು ಅವರೇ.

ಇಆರ್‌ಪಿ ಒಳ್ಳೇದೇ, ಈಗ ಬೇಡ. ಡಿಸಿ ಸಂಜೆ ಬರೆಯೋ ಶೆಡ್‌ನಲ್ಲಿ ಇಆರ್‌ಪಿಗೂ ಎಂಟ್ರಿ ಸಂಜೆಯೇ ಬೀಳತ್ತೆ, ಸ್ಕ್ರೀನ್ ಮೇಲೆ ಒಂದು ಸ್ಟಾಕು, ನೆಲದ ಮೇಲೆ ಇನ್ನೊಂದು. ಆರು ತಿಂಗಳು ಒಂದು ಬಿಳಿ ಬೋರ್ಡು, ಕ್ರೇಟಿಗೊಂದು ಕಾರ್ಡು, ದಿನಾ ಬೆಳಗ್ಗೆ ಹತ್ತು ನಿಮಿಷ ಬೋರ್ಡ್ ಮುಂದೆ ಎಲ್ಲರೂ ನಿಂತು ಮಾತು, ಅಷ್ಟು ಮಾಡಿ. ಮಾಲು ಗಾಡಿ ಹತ್ತಿದ್ಮೇಲೆ ಆ ಕ್ರೇಟಿನ ಕಾರ್ಡು ಬಿಡುವಾಗತ್ತೆ, ಬಿಡುವಾದ ಕಾರ್ಡು ಇಲ್ಲ ಅಂದ್ರೆ ಹೊಸ ಬಾರ್ ಕಟ್ ಮಾಡಂಗಿಲ್ಲ, ಅದೊಂದು ನಿಯಮಾನೇ ಒಳಗಿರೋ ಮಾಲನ್ನ ಹಿಡಿದಿಡತ್ತೆ. ನಿಮ್ಮ ಅಕ್ಕನ ಮಗನಿಗೆ ಆಸಕ್ತಿ ಇದೆ ಅಂದ್ರೆ ಒಳ್ಳೇದಾಯ್ತು, ಬೋರ್ಡಿನ ಜವಾಬ್ದಾರಿ ಅವನಿಗೇ ಕೊಡಿ, ಆರು ತಿಂಗಳಾದ್ಮೇಲೆ ಯಾವ ಸಾಫ್ಟ್‌ವೇರ್ ಬೇಕು ಅಂತ ಅವನೇ ಸರಿಯಾಗಿ ಹೇಳ್ತಾನೆ.

ಕೊನೇದು ಓಡಿ ವಿಷಯ. 62 ಲಕ್ಷಕ್ಕೆ 11 ಪರ್ಸೆಂಟ್ ಬಡ್ಡಿ ಅಂದ್ರೂ ವರ್ಷಕ್ಕೆ 6 ಲಕ್ಷ 80 ಸಾವಿರ. ಸ್ಟಾಕ್ ಅರ್ಧ ಆದ್ರೆ ಅಲ್ಲೇ 31 ಲಕ್ಷ ಕೈಗೆ ಬರತ್ತೆ, ಲಿಮಿಟ್ ಏರಿಸಿ ಅಂತ ಬ್ಯಾಂಕ್ ಮುಂದೆ ನಿಲ್ಬೇಕಾಗಿಲ್ಲ. ಇನ್ನೊಂದು ಕಡೆ ಕಸ್ಟಮರ್ ದುಡ್ಡು. ಉದ್ಯಮ್ ರಿಜಿಸ್ಟ್ರೇಷನ್ (ಸರ್ಕಾರದ ಸಣ್ಣ ಉದ್ಯಮ ನೋಂದಣಿ) ಇರೋ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಬರವಣಿಗೆಯಲ್ಲಿ ಒಪ್ಪಂದ ಇದ್ರೂ 45 ದಿನದ ಮೇಲೆ ಪೇಮೆಂಟ್ ಎಳೆಯಂಗಿಲ್ಲ, ಒಪ್ಪಂದ ಇಲ್ಲಾಂದ್ರೆ 15 ದಿನ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಇದಕ್ಕೊಂದು ನಿಯಮ ಜಾರಿಗೆ ಬಂದ್ಮೇಲೆ ಆ ಗಡುವು ಮೀರಿದವರಿಗೆ ಆ ಖರ್ಚನ್ನ ತೆರಿಗೆ ಲೆಕ್ಕದಲ್ಲಿ ಕಳೆಯೋ ಅವಕಾಶ ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ಸಿಗತ್ತೆ, ಹಾಗಾಗಿ ಅಕೌಂಟ್ಸ್‌ನವರು ಈಗ ಕಿವಿಗೊಡ್ತಾರೆ. ನಿಮ್ಮ ಬಿಲ್ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕ್ಸಿ. ಪೇಮೆಂಟ್ ತಡವಾದ್ರೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡೋ ಹಕ್ಕೂ ಇದೆ, ಆದ್ರೆ ನಾಳೆಯಿಂದ ಆರ್ಡರ್ ಬೇರೆಯವರಿಗೆ ಹೋಗೋ ಭಯ ಸುಳ್ಳಲ್ಲ, ನೀವು ಕೈಬಿಡೋಕೆ ತಯಾರಿರೋ ಕಸ್ಟಮರ್ ಮೇಲೆ ಮಾತ್ರ ಅದನ್ನ ಬಳಸಿ. ಕಸ್ಟಮರ್ ಟ್ರೆಡ್ಸ್‌ನಲ್ಲಿ (ಬಿಲ್ ಮೇಲೆ ಬ್ಯಾಂಕ್‌ಗಳು ಮುಂಚೆನೇ ದುಡ್ಡು ಕೊಡೋ ಆನ್‌ಲೈನ್ ವೇದಿಕೆ) ಇದ್ರೆ ಬಿಲ್ ಅಲ್ಲಿ ಹಾಕಿ ಮುಂಚೆನೇ ದುಡ್ಡು ತಗೋಬಹುದು, ಕಸ್ಟಮರ್ ಮೇಲಿನ ನಂಬಿಕೆಯಲ್ಲಿ ಬಡ್ಡಿ ನಿಗದಿ ಆಗೋದ್ರಿಂದ ಎಷ್ಟೋ ಸಲ ಓಡಿಗಿಂತ ಅಗ್ಗ ಬೀಳತ್ತೆ. ಮತ್ತೆ, ನಿಮ್ಮ ಗ್ರೈಂಡಿಂಗ್‌ನವರು ಉದ್ಯಮ್ ರಿಜಿಸ್ಟ್ರೇಷನ್ ಮಾಡಿಸಿದ್ರೆ ಅದೇ 45 ದಿನ ನಿಮಗೂ ಅನ್ವಯ ಆಗತ್ತೆ, ಅವರಿಗೆ ಎಷ್ಟು ದಿನಕ್ಕೆ ಕೊಡ್ತಿದೀರಿ ನೋಡ್ಕೊಳ್ಳಿ.

ಎಲ್ಲಾ ಒಟ್ಟಿಗೆ ಹಿಡೀಬೇಡಿ. ಈ ವಾರ ಶಾಫ್ಟ್ ಎಣಿಸಿ, ಮತ್ತೆ ಒಂದು ಕ್ರೇಟಿಗೆ ರಿಬ್ಬನ್ ಕಟ್ಟಿ ಅದರ ಹಿಂದೆ ಹೋಗಿ, ನೀವೇ ಹೋಗಿ, ಸೂಪರ್‌ವೈಸರ್‌ನ ಕಳಿಸ್ಬೇಡಿ. ಅದು ಮುಗಿಯೋಕೆ ನಿಮ್ಮ ಲೆಕ್ಕದಲ್ಲಿ 25 ದಿನ ಬೇಕು, ಅಷ್ಟರಲ್ಲಿ ಒಂದು ಲೇತ್ ಮೇಲೆ ಸೆಟ್ಟಿಂಗ್ ಕೆಲಸ ಶುರು ಆಗಿರ್ಲಿ. ನೋಟ್ ಪುಸ್ತಕದ ಪುಟಗಳ ಫೋಟೋ ತೆಗೆದು ಕಳಿಸಿ, ಯಾವ ತಾರೀಖು ಎಲ್ಲಿ ನಿಂತ್ತು ಅನ್ನೋದು ಇದ್ರೆ ಸಾಕು, ಬ್ಯಾಚ್ ಎಷ್ಟಕ್ಕೆ ಇಳಿಸ್ಬೇಕು, ಕಾರ್ಡ್ ಎಷ್ಟು ಹಾಕ್ಬೇಕು ಅಂತ ಅದರ ಮೇಲೆ ನಿಮಗೆ ಬರೆದು ಕೊಡ್ತೀನಿ.